ತಾಲೀಮಿಗೆ ಎಲ್ಲ ಮಕ್ಕಳೂ ಬರಲಿ

ವಿಜಯಪುರದ ರಂಗಮಂದಿರಕ್ಕೆ ಕಂದಗಲ್ಲ ಹನುಮಂತರಾಯರ ಹೆಸರಿದೆ. ‘ರಕ್ತರಾತ್ರಿ’ ಬರೆದ ಅವರನ್ನು ಈ ಸೀಮೆ ‘ಕನ್ನಡದ ಶೇಕ್ಸ್‌ಪಿಯರ್’ ಎಂದೇ ಕೊಂಡಾಡಿತು. ಹೆಣ್ಣಿನ ವೇಷವನ್ನೂ ಗಂಡಸರೇ ಕಟ್ಟುತ್ತಿದ್ದ ಶ್ರೀಕೃಷ್ಣ ಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮ ತಾವೇ ರಂಗಕ್ಕಿಳಿದು ಮನೆಮಾತಾದರು. ಜಾತ್ರೆ ಹತ್ತಿರ ಬಂತೆಂದರೆ ಪೇಟಿ ಮಾಸ್ತರರನ್ನು ಕರೆಸಿ ರಾತ್ರಿಯೆಲ್ಲ ತಾಲೀಮು ನಡೆಸುವ ಹಳ್ಳಿಗಳು ನಮ್ಮವು. ಇಂಥ ನೆಲದಲ್ಲಿ ಆರರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ನಾಟಕ ಎಷ್ಟು ದಕ್ಕಿದೆ ಎಂದು ಹೊರಳಿ ನೋಡಿದರೆ ಸಮಾಧಾನವಾಗುವುದಿಲ್ಲ.

ಏನೂ ಆಗಿಲ್ಲವೆಂದಲ್ಲ. ಮೈಸೂರಿನ ರಂಗಾಯಣ ಚಿನ್ನರ ಮೇಳ ನಡೆಸಿತು, ಬೆಂಗಳೂರಿನಲ್ಲಿ ಪ್ರೇಮಾ ಕಾರಂತರು ಬೆನಕ ಮಕ್ಕಳ ಕೇಂದ್ರ ಕಟ್ಟಿದರು. ಅವೆರಡೂ ನಮಗೆ ದೂರ. ನಮ್ಮ ಸಾಲಿಗಳಿಗೆ ಸಿಕ್ಕಿದ್ದು ಪ್ರತಿಭಾ ಕಾರಂಜಿ ಮತ್ತು ವರ್ಷಕ್ಕೊಮ್ಮೆಯ ಗ್ಯಾದರಿಂಗ್. ಎಷ್ಟೋ ಮಕ್ಕಳು ಮೊದಲ ಸಲ ಮೈಕ್ ಮುಂದೆ ನಿಂತದ್ದು ಅಲ್ಲಿಯೇ, ಆ ಉಪಕಾರ ದೊಡ್ಡದು. ಆದರೆ ಸ್ಪರ್ಧೆಯೆಂದ ಮೇಲೆ ಆರಿಸಲೇಬೇಕು. ಬಾಯಿಪಾಠ ಬಲ್ಲ ಹುಡುಗಿ, ಗಟ್ಟಿ ದನಿಯ ಹುಡುಗ ಮುಂದೆ ಹೋಗುತ್ತಾರೆ. ಮನೆಯಲ್ಲಿ ಲಂಬಾಣಿಯನ್ನೋ ದಖನಿಯನ್ನೋ ಆಡುವ ಮಗು, ಕಬ್ಬು ಕಡಿಯಲು ಗುಳೆ ಹೋದವರ ಮಗು, ಕಿವಿ ಕೇಳದ ಮಗು ಚಪ್ಪಾಳೆ ತಟ್ಟುವ ಸಾಲಿನಲ್ಲೇ ಉಳಿಯುತ್ತವೆ. ಹದಿಮೂರರ ವಯಸ್ಸಿನಲ್ಲಿ ಹಾಗೆ ಉಳಿದ ನೋವು ಆಳವಾಗಿ ಇಳಿಯುತ್ತದೆ.

ನಾಟಕಕ್ಕೆ ಇವರನ್ನು ಬಿಡುವ ಕಾರಣವೇ ಇಲ್ಲ. ಒಬ್ಬನೇ ಮಾತಾಡುವಾಗ ತಡವರಿಸುವ ಹುಡುಗ ಮೇಳದ ಜೊತೆ ಅದೇ ಸಾಲನ್ನು ಸಾಮಾನ್ಯವಾಗಿ ತೊದಲದೆ ಹೇಳುತ್ತಾನೆ. ಕಿವಿ ಕೇಳದವಳು ಹಲಗೆಯ ಪೆಟ್ಟನ್ನು ಅಂಗೈಯಲ್ಲಿ, ಹಲಗೆಹಾಸಿನ ಮೇಲಾದರೆ ಅಂಗಾಲಿನಲ್ಲಿ ಹಿಡಿಯಬಲ್ಲಳು. ವೇದಿಕೆಯ ಅಂಚಿಗೆ ಒಂದು ಕತ್ತದ ಹಗ್ಗ ಬಡಿದರೆ ಕಣ್ಣಿಲ್ಲದ ಮಗುವಿಗೆ ಎಲ್ಲಿ ನಿಲ್ಲಬೇಕೆಂದು ಕಾಲೇ ಹೇಳುತ್ತದೆ. ಇದಕ್ಕೆ ಅನುದಾನ ಬೇಕಿಲ್ಲ, ಮಾಸ್ತರರಿಗೆ ಮನಸ್ಸು ಮತ್ತು ಒಂದಿಷ್ಟು ತರಬೇತಿ ಬೇಕು.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನೇ ನೋಡಿ. ಮಕ್ಕಳ ರಂಗಭೂಮಿಗೆ ಅದು ಬಲು ಅಚ್ಚುಮೆಚ್ಚು. ಇಲಿಗಳ ಹಿಂಡಿಗೆ ಇಡೀ ತರಗತಿ ಬಂದರೂ ಸಾಲದು. ಅದಕ್ಕೆ ಪ್ರೇರಣೆಯಾದ ಬ್ರೌನಿಂಗ್ ಕವಿತೆಯಲ್ಲಿ ಮಕ್ಕಳೆಲ್ಲ ಕುಣಿಯುತ್ತ ಹೋದಾಗ ಕಾಲು ಕುಂಟುವ ಹುಡುಗನೊಬ್ಬ ಹಿಂದೆ ಬೀಳುತ್ತಾನೆ. ಆಡಿಸುವವರು ಅವನನ್ನೇ ಕತೆ ಹೇಳುವ ಸೂತ್ರಧಾರನಾಗಿಸಬಹುದು. ಆಗ ಊರಿನ ಕತೆಯೆಲ್ಲ ಅವನ ಬಾಯಿಂದಲೇ ಬರುತ್ತದೆ. ಪಾತ್ರಕ್ಕೆ ತಕ್ಕ ಮಗುವನ್ನು ಹುಡುಕುವ ಬದಲು ಮಗುವಿಗೆ ತಕ್ಕಂತೆ ಪಾತ್ರ ಹೊಲಿಯುವುದೆಂದರೆ ಇದೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿ, ಪಾಠದಲ್ಲಷ್ಟೇ ಅಲ್ಲ, ಆಟ-ಮನರಂಜನೆಯಲ್ಲೂ ಶಾಲೆಗಳು ಸಮಾನ ಅವಕಾಶ ಕೊಡಬೇಕೆಂದು ಹೇಳಿದೆ. ಈ ಸಲದ ಗ್ಯಾದರಿಂಗ್‌ನಲ್ಲಿ ಪ್ರತಿ ಸಾಲಿಯೂ ಬಹುಮಾನವಿಲ್ಲದ, ಹಾಜರಿ ಪುಸ್ತಕದ ಎಲ್ಲ ಹೆಸರೂ ಇರುವ ಒಂದು ನಾಟಕ ಆಡಿಸಲಿ. ತಿಕೋಟಾ, ಬಬಲೇಶ್ವರ ಈಗ ತಾಲ್ಲೂಕು ಕೇಂದ್ರಗಳು. ಅಲ್ಲಿ ಹೊಸ ರಂಗಮಂದಿರದ ನಕಾಶೆ ಬರೆಯುವವರು ಗಾಲಿಕುರ್ಚಿಯ ಇಳಿಜಾರನ್ನು ಪ್ರೇಕ್ಷಕರ ಬಾಗಿಲಿಗೇ ನಿಲ್ಲಿಸದೆ ವೇದಿಕೆಯವರೆಗೂ ಎಳೆಯಲಿ.