ಫಲಿತಾಂಶದ ಮರುದಿನ ಶಾಲೆಯ ಬಾಗಿಲು ತೆರೆದಿರಲಿ

2025ರ ಮೇ ತಿಂಗಳ ಆರಂಭದಲ್ಲಿ ಬಾಗಲಕೋಟೆಯ ಒಂದು ಮನೆಯ ಸುದ್ದಿ ನಾಡಿನ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಆರೂ ವಿಷಯಗಳಲ್ಲಿ ಅನುತ್ತೀರ್ಣನಾದ ಮಗನನ್ನು ಹೆತ್ತವರು ಬೈಯಲಿಲ್ಲ, ಹೊಡೆಯಲಿಲ್ಲ. ಆಪ್ತರನ್ನು ಸೇರಿಸಿ, ಕೇಕ್ ಕತ್ತರಿಸಿ, ಮಗನಿಗೆ ಧೈರ್ಯ ತುಂಬಿದರು. ಸೋಲನ್ನು ಸಂಭ್ರಮಿಸುವುದುಂಟೆ ಎಂದು ಕೆಲವರಿಗೆ ಅನ್ನಿಸಿರಬಹುದು. ಆದರೆ ಆ ಹೆತ್ತವರು ಸಂಭ್ರಮಿಸಿದ್ದು ಸೋಲನ್ನಲ್ಲ; ಸೋತ ಮೇಲೂ ಮಗ ತಮ್ಮವನೇ ಎಂಬುದನ್ನು ಅವನಿಗೆ ತಿಳಿಯುವಂತೆ ಹೇಳಿದರು, ಅಷ್ಟೆ.

ಆ ಸುದ್ದಿಯನ್ನು ಓದಿದಾಗ ನಮ್ಮ ಮನಸ್ಸಿನಲ್ಲಿ ಎದ್ದ ಪ್ರಶ್ನೆ ಬೇರೆಯದು. ಫಲಿತಾಂಶ ಬರುವುದು ಬೇಸಿಗೆ ರಜೆಯಲ್ಲಿ. ಮೂರು ವರ್ಷ ಪ್ರತಿದಿನ ಆ ಮಕ್ಕಳ ಮುಖ ನೋಡಿದ ಶಿಕ್ಷಕರು ಅಂದು ಶಾಲೆಯಲ್ಲಿರುವುದಿಲ್ಲ. ಶಾಲೆಯ ಗೇಟಿಗೆ ಬೀಗ ಬಿದ್ದಿರುತ್ತದೆ. ಹದಿನೈದು-ಹದಿನಾರು ವರ್ಷದ ಒಂದು ಜೀವಕ್ಕೆ ಹಿರಿಯರ ಒಂದು ಮಾತು ಅತ್ಯಗತ್ಯವಾದ ದಿನದಂದೇ ಶಾಲೆ ಮೌನವಾಗಿರುತ್ತದೆ. ಯಾವುದೇ ಒಂದು ಶಾಲೆಯನ್ನು ಕುರಿತು ಈ ಮಾತನ್ನು ಹೇಳುತ್ತಿಲ್ಲ. ನಮ್ಮ ಇಡೀ ವ್ಯವಸ್ಥೆಯ ಕೊರತೆಯಿದು. ಪ್ರತಿ ಮನೆಯಲ್ಲೂ ಬಾಗಲಕೋಟೆಯ ಆ ತಂದೆತಾಯಿಗಳಿಲ್ಲ. ಇಲ್ಲದ ಮನೆಯ ಮಗುವಿಗೆ ಯಾರಿದ್ದಾರೆ ಎಂಬುದೇ ಇಂದು ನಾವೆಲ್ಲರೂ ಯೋಚಿಸಬೇಕಾದ ವಿಷಯ.

ಅಂಕಿಸಂಖ್ಯೆಗಳ ಹಿಂದಿನ ಮುಖಗಳು

ಎಸ್‌ಎಸ್‌ಎಲ್‌ಸಿ ಒಟ್ಟು ಫಲಿತಾಂಶ 2023ರಲ್ಲಿ ಶೇಕಡ 83.89 ಇತ್ತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದ 2024ರಲ್ಲಿ, ಕೃಪಾಂಕಗಳ ಪ್ರಮಾಣವನ್ನು ಹೆಚ್ಚಿಸಿದ ಮೇಲೂ ಅದು 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇಕಡ 91.12ರೊಂದಿಗೆ ಮೊದಲ ಸ್ಥಾನದಲ್ಲಿದ್ದರೆ, ಕಲಬುರಗಿ 42.43ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ಒಂದೇ ರಾಜ್ಯ, ಒಂದೇ ಪಠ್ಯ, ಒಂದೇ ಪ್ರಶ್ನೆಪತ್ರಿಕೆ. ಅಂತರ ಮಾತ್ರ ಸುಮಾರು 49ರಷ್ಟು. ಕಲ್ಯಾಣ ಕರ್ನಾಟಕದ ಮಕ್ಕಳು ಬುದ್ಧಿಯಲ್ಲಿ ಹಿಂದುಳಿದವರೆಂದು ಯಾರೂ ಹೇಳಲಾರರು. ಹೆತ್ತವರೊಂದಿಗೆ ಗುಳೆ ಹೋಗಿ ತಿಂಗಳುಗಟ್ಟಲೆ ಪಾಠ ತಪ್ಪಿಸಿಕೊಂಡವರು, ಖಾಯಂ ಶಿಕ್ಷಕರಿಲ್ಲದೆ ಅತಿಥಿ ಶಿಕ್ಷಕರು ಬರುವವರೆಗೆ ಕಾದು ಕುಳಿತವರು, ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿರುವಾಗ ಬೀಜಗಣಿತ ಕಲಿಯಬೇಕಾದ ಹೆಣ್ಣುಮಕ್ಕಳು ಆ ಅಂತರದೊಳಗೆ ಅಡಗಿದ್ದಾರೆ.

ಉತ್ತೀರ್ಣತೆಯ ಮಟ್ಟವನ್ನು 35ರಿಂದ 33ಕ್ಕೆ ಇಳಿಸುವ ನಿರ್ಧಾರದ ಬಗೆಗೆ ನಾಡಿನಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಇದು ಗುಣಮಟ್ಟಕ್ಕೆ ಧಕ್ಕೆ ಎನ್ನುವವರಿದ್ದಾರೆ. ಮಕ್ಕಳ ಹೊರೆ ಇಳಿಯಿತು ಎನ್ನುವವರೂ ಇದ್ದಾರೆ. ನಮ್ಮ ದೃಷ್ಟಿಯಲ್ಲಿ ಎರಡೂ ವಾದಗಳು ಗೆರೆಯನ್ನು ಕುರಿತು ಮಾತನಾಡುತ್ತವೆಯೇ ಹೊರತು ಗೆರೆಯ ಕೆಳಗೆ ನಿಂತ ಮಗುವನ್ನು ಕುರಿತಲ್ಲ. ಗೆರೆಯನ್ನು ಎಲ್ಲಿಗೆ ಸರಿಸಿದರೂ ಅದರ ಕೆಳಗೆ ಕೆಲವರು ಉಳಿಯುತ್ತಾರೆ. ಅವರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದರಲ್ಲಿ ಶಿಕ್ಷಣದ ನಿಜವಾದ ಗುಣಮಟ್ಟವಿದೆ.

ಇದು ಕೇವಲ ಭಾವನೆಯ ಮಾತಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ವರದಿಯಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಗೆ ಶರಣಾದರು. ಪ್ರತಿದಿನ ಸರಾಸರಿ 35ಕ್ಕೂ ಹೆಚ್ಚು ವಿದ್ಯಾರ್ಥಿಗಳು! ಎಲ್ಲ ಸಾವುಗಳಿಗೂ ಪರೀಕ್ಷೆಯೇ ಕಾರಣವಲ್ಲ. ಒಂದು ಸಾವಿಗೆ ಒಂದೇ ಕಾರಣವಿರುವುದೂ ಅಪರೂಪ. ಬಡತನ, ಮನೆಯ ಕಲಹ, ದೌರ್ಜನ್ಯ, ಗುರುತಿಸದೆ ಉಳಿದ ಖಿನ್ನತೆ, ಇವೆಲ್ಲ ಒಂದರ ಮೇಲೊಂದು ಕೂಡಿಕೊಂಡಿರುತ್ತವೆ. ಮಾನಸಿಕ ಅಸ್ವಾಸ್ಥ್ಯಗಳಲ್ಲಿ ಮೂರನೆಯ ಒಂದು ಭಾಗದಷ್ಟು ಹದಿನಾಲ್ಕನೆಯ ವಯಸ್ಸಿನೊಳಗೇ ಕಾಣಿಸಿಕೊಳ್ಳತೊಡಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹದಿನಾಲ್ಕು ಎಂದರೆ ನಮ್ಮ ಲೆಕ್ಕದಲ್ಲಿ ಎಂಟನೆಯ ಅಥವಾ ಒಂಬತ್ತನೆಯ ತರಗತಿ. ಅಂದರೆ ಅದು ಮೊದಲು ಕಣ್ಣಿಗೆ ಬೀಳಬಹುದಾದ ಸ್ಥಳ ಆಸ್ಪತ್ರೆಯಲ್ಲ, ತರಗತಿ.

ಶಿಕ್ಷಕರ ಕಣ್ಣಿಗೆ ಬೀಳುವುದು

ಹದಿಹರೆಯದ ಮಗು ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳುವುದು ವಿರಳ. ಆದರೆ ಅದರ ನಡವಳಿಕೆ ಹೇಳುತ್ತದೆ. ಪ್ರತಿ ಸೋಮವಾರ ಗೈರಾಗುವ ಹುಡುಗ, ಮೊದಲ ಅವಧಿಯಲ್ಲೇ ತೂಕಡಿಸುವ ಹುಡುಗ, ಬಿಸಿಯೂಟದ ಸಾಲಿನಲ್ಲಿ ನಿಲ್ಲುವುದನ್ನು ಬಿಟ್ಟ ಹುಡುಗಿ, ಒಮ್ಮೆಲೇ ಗೆಳತಿಯರಿಂದ ದೂರ ಕುಳಿತವಳು, ತನ್ನ ಪ್ರೀತಿಯ ವಸ್ತುಗಳನ್ನು ಕಾರಣವಿಲ್ಲದೆ ಇತರರಿಗೆ ಕೊಟ್ಟುಬಿಡುವ ವಿದ್ಯಾರ್ಥಿ, ಇವರೆಲ್ಲರೂ ಏನನ್ನೋ ಹೇಳುತ್ತಿದ್ದಾರೆ. ಹಾಜರಿ ಪುಸ್ತಕವನ್ನು ಶಿಕ್ಷಕರು ಸಹಿಗಾಗಿ ಮಾತ್ರ ತೆರೆಯದೆ ಓದಿ ನೋಡಿದರೆ, ಎಷ್ಟೋ ಮನೆಗಳ ಕಥೆ ಅದರಲ್ಲಿಯೇ ಇರುತ್ತದೆ.

ಆಗ ಕೇಳಬೇಕಾದ ಪ್ರಶ್ನೆ ಯಾವುದು ಎಂಬುದು ಬಹಳ ಮುಖ್ಯ. "ಯಾಕೆ ಓದಿಲ್ಲ?" ಎಂದು ಎಲ್ಲರೆದುರು ಕೇಳಿದರೆ ಮಗು ತಲೆ ತಗ್ಗಿಸುತ್ತದೆ. "ಏನಾಯಿತಪ್ಪಾ? ಮನೆಯಲ್ಲಿ ಎಲ್ಲ ಸರಿ ಇದೆಯೇನು?" ಎಂದು ಒಬ್ಬನೇ ಇದ್ದಾಗ ಕೇಳಿದರೆ, ಮೊದಲ ದಿನ ಅಲ್ಲದಿದ್ದರೂ ಮೂರನೆಯ ದಿನ ಬಾಯಿ ತೆರೆಯುತ್ತದೆ. ರಾತ್ರಿ ಹೋಟೆಲಿನಲ್ಲಿ ಕೆಲಸ ಮಾಡಿ ಬೆಳಿಗ್ಗೆ ಶಾಲೆಗೆ ಬರುವವನಿಗೆ ಬೇಕಾದದ್ದು ಉಪದೇಶವಲ್ಲ, ನಿದ್ದೆ. ಒಂಬತ್ತನೆಯ ತರಗತಿಗೆ ಬಂದರೂ ಕನ್ನಡದ ಒಂದು ಪುಟವನ್ನು ತಡವರಿಸದೆ ಓದಲಾರದವನಿಗೆ ಬೇಕಾದದ್ದು ಬೆತ್ತವಲ್ಲ, ಅಕ್ಷರದಿಂದ ಮತ್ತೆ ಆರಂಭಿಸುವ ತಾಳ್ಮೆ. ಶಾಲೆಯಲ್ಲಿ ನೀರಿರುವ ಶೌಚಾಲಯವಿಲ್ಲದೆ ತಿಂಗಳಿಗೆ ನಾಲ್ಕು ದಿನ ಮನೆಯಲ್ಲುಳಿಯುವ ಹುಡುಗಿಗೆ ಬೇಕಾದದ್ದು ದಂಡವಲ್ಲ, ನೀರು.

ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಬಹುಮಟ್ಟಿಗೆ ಮರೆಯಾಗಿದೆ. ಆದರೆ "ನಿನ್ನಿಂದ ಶಾಲೆಯ ಫಲಿತಾಂಶ ಹಾಳು" ಎಂಬ ಮಾತು ಇನ್ನೂ ಮರೆಯಾಗಿಲ್ಲ. ನೂರಕ್ಕೆ ನೂರು ಫಲಿತಾಂಶದ ಫ್ಲೆಕ್ಸ್ ಹಾಕಿಸುವ ಆಸೆಯಿಂದ, ಹಿಂದುಳಿದ ಮಕ್ಕಳ ಕೈಗೆ ಒಂಬತ್ತನೆಯ ತರಗತಿಯಲ್ಲೇ ವರ್ಗಾವಣೆ ಪತ್ರ ಕೊಟ್ಟು ಕಳುಹಿಸುವ ಶಾಲೆಗಳೂ ಉಂಟೆಂಬುದು ಹೆತ್ತವರಿಗೆ ತಿಳಿಯದ ಸಂಗತಿಯಲ್ಲ. ಮುಳುಗುವವನನ್ನು ದೋಣಿಯಿಂದ ಇಳಿಸಿ, ದೋಣಿಯಲ್ಲಿದ್ದವರೆಲ್ಲ ದಡ ಸೇರಿದರೆಂದು ಹೇಳಿಕೊಂಡಂತೆ ಇದು.

ನ್ಯಾಯಾಲಯ ಹೇಳಿದ್ದು, ನಾವು ಮಾಡಬೇಕಾದದ್ದು

2025ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಕುರಿತು 15 ಮಾರ್ಗಸೂಚಿಗಳನ್ನು ನೀಡಿತು. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಬಂದ ತೀರ್ಪು ಅದು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ನೀಡಬೇಕು. ಅಂಕಗಳ ಆಧಾರದ ಮೇಲೆ ಮಕ್ಕಳನ್ನು ವಿಂಗಡಿಸುವುದು, ಬಹಿರಂಗವಾಗಿ ಅವಮಾನಿಸುವುದು ಸಲ್ಲದು. ಸಹಾಯವಾಣಿಯ ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು. ಈ ಮಾತುಗಳು ಶಾಲೆ ಕಾಲೇಜುಗಳಿಗಷ್ಟೇ ಅಲ್ಲ, ವಸತಿ ನಿಲಯಗಳಿಗೂ ಅನ್ವಯಿಸುತ್ತವೆ.

ಹಳ್ಳಿಯ ಪ್ರೌಢಶಾಲೆಗೆ ಆಪ್ತಸಮಾಲೋಚಕರು ಯಾವಾಗ ಬರುತ್ತಾರೋ ಹೇಳಲಾಗದು. ಅವರು ಬರುವವರೆಗೆ ಕೈಕಟ್ಟಿ ಕುಳಿತುಕೊಳ್ಳಬೇಕಿಲ್ಲ. ಪರೀಕ್ಷೆ ಸಮೀಪಿಸಿದಾಗ ಹಿಂದುಳಿದ ಮಕ್ಕಳನ್ನು ಶಿಕ್ಷಕರು "ದತ್ತು" ಪಡೆದು, ನಸುಕಿನಲ್ಲಿ ಫೋನ್ ಮಾಡಿ ಎಬ್ಬಿಸಿ, ಮನೆ ಮನೆಗೆ ಹೋಗಿ ಓದಿಸುವ ಪದ್ಧತಿ ನಮ್ಮ ನಾಡಿನ ಎಷ್ಟೋ ಶಾಲೆಗಳಲ್ಲಿದೆ. ಆ ಶಿಕ್ಷಕರ ಶ್ರಮಕ್ಕೆ ನಾವು ತಲೆಬಾಗುತ್ತೇವೆ. ನಮ್ಮ ವಿನಂತಿ ಇಷ್ಟೆ: ಈ ದತ್ತು ಸ್ವೀಕಾರ ಹತ್ತನೆಯ ತರಗತಿಯ ಜನವರಿಯಲ್ಲಿ ಅಂಕಗಳಿಗಾಗಿ ಆರಂಭವಾಗುವ ಬದಲು, ಎಂಟನೆಯ ತರಗತಿಯ ಜೂನ್‌ನಲ್ಲಿ ಮಗುವಿಗಾಗಿ ಆರಂಭವಾಗಲಿ. ಪ್ರತಿಯೊಬ್ಬ ಶಿಕ್ಷಕರಿಗೂ ಕೆಲವೇ ಮಕ್ಕಳು. ಆ ಮಕ್ಕಳ ಮನೆ, ಊಟ, ಭಯ, ಆಸೆ ಅವರಿಗೆ ತಿಳಿದಿರಲಿ. ತನಗಾಗಿ ಶಾಲೆಯಲ್ಲಿ ಒಬ್ಬರಿದ್ದಾರೆ ಎಂದು ತಿಳಿದ ಮಗು ಕಷ್ಟಕಾಲದಲ್ಲಿ ಆ ಒಬ್ಬರ ಬಳಿಗೆ ಬರುತ್ತದೆ.

ಶಿಕ್ಷಕರು ವೈದ್ಯರಾಗಬೇಕೆಂದು ಯಾರೂ ಕೇಳುತ್ತಿಲ್ಲ. ಗುರುತಿಸುವುದು, ಕೇಳಿಸಿಕೊಳ್ಳುವುದು, ತಕ್ಕವರ ಕೈಗೆ ಒಪ್ಪಿಸುವುದು, ಈ ಮೂರು ಸಾಕು. ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್‌ಗಳಿವೆ. 14416 ಸಂಖ್ಯೆಯ ಟೆಲಿ ಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ಬಾಲ್ಯವಿವಾಹ, ದೌರ್ಜನ್ಯ, ದುಡಿಮೆಯ ಪ್ರಕರಣಗಳಿಗೆ 1098 ಮಕ್ಕಳ ಸಹಾಯವಾಣಿ ಇದೆ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದುಬಂದರೆ ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ. ಸಂಸ್ಥೆಯ ಗೌರವ ಉಳಿಸಲೆಂದು ಮುಚ್ಚಿಡುವುದು ಶಿಕ್ಷಾರ್ಹ ಅಪರಾಧ. ಉಳಿದ ವಿಷಯಗಳಲ್ಲಿ ಮಗು ಹೇಳಿದ ಗುಟ್ಟು ಶಿಕ್ಷಕರ ಕೊಠಡಿಯ ಹರಟೆಯಾಗಬಾರದು. ಒಮ್ಮೆ ನಂಬಿಕೆ ಮುರಿದರೆ ಆ ಮಗು ಮತ್ತೆ ಯಾರ ಬಳಿಗೂ ಹೋಗಲಾರದು.

ಶಿಕ್ಷಕರ ಕಷ್ಟವನ್ನೂ ಇಲ್ಲಿ ಹೇಳಲೇಬೇಕು. ಸಮೀಕ್ಷೆ, ಚುನಾವಣಾ ಕೆಲಸ, ದಿನದಿನದ ಆನ್‌ಲೈನ್ ವರದಿಗಳ ನಡುವೆ ಒಂದು ಮಗುವಿನೊಂದಿಗೆ ಹತ್ತು ನಿಮಿಷ ಕೂರಲು ಅವರಿಗೆ ಬಿಡುವು ಸಿಗುತ್ತಿಲ್ಲ. ಆ ಬಿಡುವನ್ನು ಕೊಡಬೇಕಾದದ್ದು ಸರಕಾರ ಮತ್ತು ಆಡಳಿತ ಮಂಡಳಿಗಳು.

24 ದಿನಗಳ ಮಾತು

2023-24ರಲ್ಲಿ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂದಿತು. ಹಿಂದೆ ಅನುತ್ತೀರ್ಣನೆಂಬ ಹಣೆಪಟ್ಟಿ ಮಗುವಿನೊಂದಿಗೆ ಬಹುಕಾಲ ಉಳಿಯುತ್ತಿತ್ತು. ಈಗ ಕೆಲವೇ ವಾರಗಳಲ್ಲಿ ಅದನ್ನು ಅಳಿಸಬಹುದು. 2025ರಲ್ಲಿ ಫಲಿತಾಂಶ ಬಂದದ್ದು ಮೇ 2ರಂದು, ಎರಡನೆಯ ಪರೀಕ್ಷೆ ಆರಂಭವಾದದ್ದು ಮೇ 26ರಂದು. ನಡುವೆ ಇದ್ದದ್ದು 24 ದಿನ. ಈ 24 ದಿನಗಳಲ್ಲಿ ಮಗು ಪುಸ್ತಕ ಹಿಡಿಯುತ್ತದೆಯೋ, ಗಾರೆ ಕೆಲಸಕ್ಕೆ ಹೋಗುತ್ತದೆಯೋ, ಹಸೆಮಣೆ ಏರುತ್ತದೆಯೋ, ಇಲ್ಲವೇ ಕೋಣೆಯ ಕತ್ತಲಲ್ಲಿ ಒಂಟಿಯಾಗುತ್ತದೆಯೋ ಎಂಬುದು ಆ ದಿನಗಳಲ್ಲಿ ಅದರೊಂದಿಗೆ ಯಾರು ಮಾತನಾಡಿದರು ಎಂಬುದನ್ನು ಅವಲಂಬಿಸಿದೆ.

ಆದ್ದರಿಂದ ಫಲಿತಾಂಶದ ದಿನ ಪ್ರತಿ ಪ್ರೌಢಶಾಲೆಯಲ್ಲಿ ಸರದಿಯಂತೆ ಇಬ್ಬರು ಶಿಕ್ಷಕರಾದರೂ ಇರಲಿ. ಆ ದಿನಕ್ಕೆ ಪ್ರತಿಯಾಗಿ ಅವರಿಗೆ ಬೇರೆ ದಿನ ರಜೆ ಸಿಗಲಿ. ಕಷ್ಟದಲ್ಲಿರುವ ಮಕ್ಕಳು ಯಾರೆಂಬುದು ಶಾಲೆಗೆ ಮೊದಲೇ ಗೊತ್ತಿರುತ್ತದೆ. ನೆರೆಹೊರೆಯವರ ಪ್ರಶ್ನೆಗಿಂತ ಮೊದಲು ಶಿಕ್ಷಕರ ಫೋನ್ ಕರೆ ಆ ಮನೆಗೆ ಹೋಗಲಿ. "ಹೋದದ್ದು ಎರಡು ವಿಷಯ ಮಾತ್ರ. ನಾಳೆ ಬೆಳಿಗ್ಗೆ ಶಾಲೆಗೆ ಬಾ, ಕೂತು ನೋಡೋಣ" ಎಂಬ ಒಂದು ಮಾತು ಸಾಕು.

ನಮ್ಮ ಅಂಗಳದ ಹೊಣೆ

ಅನ್ನ, ಅಕ್ಷರ, ಆಶ್ರಯವೆಂಬ ತ್ರಿವಿಧ ದಾಸೋಹದಿಂದ ನಾಡಿನ ಲಕ್ಷಾಂತರ ಬಡ ಮಕ್ಕಳ ಬಾಳನ್ನು ಬೆಳಗಿದ ಪರಂಪರೆ ನಮ್ಮ ಮಠಗಳದು. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮೀಜಿಯವರು ಜಾತಿ ಮತಗಳನ್ನು ಕೇಳದೆ ಮಕ್ಕಳನ್ನು ಸಲಹಿದ ಬಗೆಯನ್ನು ನಾವೆಲ್ಲ ಹೆಮ್ಮೆಯಿಂದ ನೆನೆಯುತ್ತೇವೆ. ಹೆಮ್ಮೆಯೊಂದಿಗೆ ಹೊಣೆಯೂ ಇದೆ. ಮಠಗಳ ಶಾಲೆ, ಪ್ರಸಾದ ನಿಲಯಗಳು ಮೇಲಿನ ಯಾವ ಮಾತಿನಿಂದಲೂ ಹೊರತಲ್ಲ. ಮೊದಲು ಪರೀಕ್ಷೆಗೆ ಒಳಗಾಗಬೇಕಾದವು ಅವೇ. ನಿಲಯದ ಗೋಡೆಯ ಮೇಲೆ 1098 ಮತ್ತು 14416 ಬರೆದಿವೆಯೆ? ನಿಲಯಪಾಲಕರಿಗೆ ತರಬೇತಿಯಾಗಿದೆಯೆ? ಹಿರಿಯರ ವಿರುದ್ಧವೇ ಆದರೂ ಮಗು ನಿರ್ಭಯವಾಗಿ ದೂರು ಹೇಳುವ, ಹೊರಗಿನವರು ಬಂದು ವಿಚಾರಿಸುವ ವ್ಯವಸ್ಥೆ ಇದೆಯೆ? ಈ ಪ್ರಶ್ನೆಗಳನ್ನು ಭಕ್ತರು ಕೇಳಬೇಕು, ಮಠಗಳು ಉತ್ತರಿಸಬೇಕು. ಕೇಳುವುದು ಭಕ್ತಿಗೆ ವಿರುದ್ಧವಲ್ಲ.

ಇನ್ನೊಂದು ಮಾತು. ಪ್ರತಿ ವರ್ಷ ನಮ್ಮ ಸಮಾಜದ ಸಂಘಟನೆಗಳು ಹೆಚ್ಚು ಅಂಕ ಪಡೆದ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ನೀಡುತ್ತವೆ. ಅದು ಮುಂದುವರಿಯಲಿ. ಆದರೆ ಆ ವೇದಿಕೆಯ ಮೇಲೆ ಶೇಕಡ 98 ಪಡೆದವಳ ಪಕ್ಕದಲ್ಲಿ, ಮೊದಲ ಪರೀಕ್ಷೆಯಲ್ಲಿ ಬಿದ್ದು ಎರಡನೆಯದರಲ್ಲಿ ಎದ್ದ ಒಬ್ಬ ಹುಡುಗನಿಗೂ, ಅವನು ಒಪ್ಪುವುದಾದರೆ, ಒಂದು ಕುರ್ಚಿ ಇರಲಿ. ಅವನನ್ನು ಓದಿಸಿದ ಶಿಕ್ಷಕರಿಗೂ ಒಂದು ಶಾಲು ಹೊದಿಸೋಣ. ಸಭೆಯ ಹಿಂದಿನ ಸಾಲಿನಲ್ಲಿ ತನ್ನ ಅಂಕಪಟ್ಟಿಯನ್ನು ಬಚ್ಚಿಟ್ಟುಕೊಂಡು ಕುಳಿತ ಮತ್ತೊಂದು ಮಗು ಅದನ್ನು ನೋಡುತ್ತದೆ. ಈ ಸಮಾಜದಲ್ಲಿ ತನಗೂ ಒಂದು ಜಾಗವಿದೆಯೆಂದು ಅದಕ್ಕೆ ಅಂದು ತಿಳಿಯುತ್ತದೆ.