ಫಾರ್ಮ್ಯಾಟ್ ಹೊಡೆಸುವ ಮುಂಚೆ

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಪರದೆಯ ನಡುವೆ ಸಣ್ಣದೊಂದು ಪೆಟ್ಟಿಗೆ. ತಲೆಯ ಮೇಲೆ ‘ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್’ ಎಂಬ ಹೆಸರು, ಒಳಗೆ ಸ್ಕ್ರಿಪ್ಟ್ ಫೈಲ್ ಸಿಗುತ್ತಿಲ್ಲ ಎಂಬ ಇಂಗ್ಲಿಷ್ ಸಾಲು, ಸಾಲಿನ ಕೊನೆಗೆ ‘ಡಾಟ್ ವಿಬಿಎಸ್’ ಎಂದು ಮುಗಿಯುವ ಯಾವುದೋ ಫೈಲಿನ ಹೆಸರು. ಓಕೆ ಒತ್ತಿದರೆ ಹೋಗುತ್ತದೆ, ಮಾರನೇ ದಿನ ಮತ್ತೆ ಹಾಜರು. ಹಿರಿಯೂರಿನಂಥ ಊರುಗಳಲ್ಲಿ ಇದಕ್ಕೆ ಸಿಗುವ ಮದ್ದು ಸಾಮಾನ್ಯವಾಗಿ ಒಂದೇ: ‘ವೈರಸ್ ಬಂದೈತೆ, ಫಾರ್ಮ್ಯಾಟ್ ಹೊಡೆಸಿಬಿಡಿ.’

ನನಗೆ ಸಂಕಟವಾಗುವುದು ಇಲ್ಲೇ. ಆ ಪೆಟ್ಟಿಗೆ ಎಷ್ಟೋ ಸಲ ಹೇಳುತ್ತಿರುವುದು ವೈರಸ್ ಹೋಗಿದೆ ಅಂತ. ಜೆರಾಕ್ಸ್ ಅಂಗಡಿಗೆ ಹೋಗಿ ಅರ್ಜಿ ಪ್ರಿಂಟ್ ಹಾಕಿಸಿಕೊಂಡು ಬಂದ ಪೆನ್‌ಡ್ರೈವ್‌ನಿಂದ ಸ್ಕ್ರಿಪ್ಟ್ ಒಂದು ಒಳನುಸುಳುತ್ತದೆ. ವಿಂಡೋಸ್ ಶುರುವಾಗುವಾಗ ತನ್ನನ್ನೂ ಕರೆಯಲಿ ಎಂದು ರಿಜಿಸ್ಟ್ರಿಯಲ್ಲಿ ಹೆಸರು ಸೇರಿಸಿಕೊಳ್ಳುತ್ತದೆ. ಆಂಟಿವೈರಸ್ ಫೈಲನ್ನು ಅಳಿಸುತ್ತದೆ, ಹೆಸರನ್ನು ಹಾಗೇ ಬಿಡುತ್ತದೆ. ಶಾಲೆ ಬಿಟ್ಟ ಹುಡುಗನ ಹೆಸರನ್ನು ಮೇಷ್ಟ್ರು ದಿನಾ ಹಾಜರಿಯಲ್ಲಿ ಕೂಗಿದಂತೆ ವಿಂಡೋಸ್ ಕೂಗುತ್ತಲೇ ಇರುತ್ತದೆ.

ಹೊಡೆದುಹಾಕಬೇಕಾದ್ದು ಆ ಹೆಸರೊಂದನ್ನೇ. ಟಾಸ್ಕ್ ಮ್ಯಾನೇಜರ್‌ನ ‘ಸ್ಟಾರ್ಟಪ್’ ಪಟ್ಟಿಯಲ್ಲಿ ಅದು ಕಂಡರೆ ಅಲ್ಲೇ ಆಫ್ ಮಾಡಬಹುದು. ಇಲ್ಲದಿದ್ದರೆ ರಿಜಿಸ್ಟ್ರಿಯ ‘ರನ್’ ಎಂಬಲ್ಲಿ ನೋಡಬೇಕು. ಕೆಲವು ಸ್ಕ್ರಿಪ್ಟ್‌ಗಳು ‘ಯೂಸರ್‌ಇನಿಟ್’ ಎಂಬ ಸಾಲಿನ ಬಾಲಕ್ಕೆ ಅಂಟಿಕೊಂಡಿರುತ್ತವೆ. ಅಲ್ಲಿ ಬಾಲವನ್ನಷ್ಟೇ ಕತ್ತರಿಸಬೇಕು. ಇಡೀ ಸಾಲು ಅಳಿಸಿದರೆ ಲಾಗಿನ್ ಆದ ಮರುಕ್ಷಣವೇ ಲಾಗೌಟ್ ಆಗುತ್ತ ಕಂಪ್ಯೂಟರ್ ಒಳಗೇ ಬಿಡುವುದಿಲ್ಲ. ಇಷ್ಟನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಅಚ್ಚು ಹಾಕಿ ಕಂಪ್ಯೂಟರಿನ ಜೊತೆ ಕೊಟ್ಟವರನ್ನು ನಾನು ಕಂಡಿಲ್ಲ. ಡಬ್ಬಿಯಲ್ಲಿ ಬರುವ ಪುಸ್ತಿಕೆ ವಾರಂಟಿಯ ಮಾತು ಮುಗಿಸಿ ಸುಮ್ಮನಾಗುತ್ತದೆ.

2000ದ ಮೇ ತಿಂಗಳಲ್ಲಿ ಫಿಲಿಪೀನ್ಸ್‌ನಿಂದ ಹೊರಟು ಜಗತ್ತಿನ ಕಚೇರಿಗಳನ್ನೆಲ್ಲ ಕಾಡಿದ ‘ಐ ಲವ್ ಯೂ’ ವೈರಸ್ ಕೂಡ ಇದೇ ವಿಬಿಎಸ್ ಜಾತಿಯದು. ಇಂಥ ಸ್ಕ್ರಿಪ್ಟ್ ಬರೆಯುವ ಭಾಷೆಯನ್ನು ವಿಂಡೋಸ್‌ನಿಂದ ಹಂತಹಂತವಾಗಿ ತೆಗೆಯುವುದಾಗಿ ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. ಮನೆಗಳಲ್ಲಿರುವ ಹಳೇ ಮಷೀನುಗಳಿಗೆ ಅದರಿಂದೇನೂ ಆಗದು.

ಫಾರ್ಮ್ಯಾಟ್ ಹೊಡೆಸಿದರೆ ಹೋಗುವುದೇನು? ಸಿ ಡ್ರೈವ್ ಒರೆಸಿದಾಗ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟಿದ್ದೆಲ್ಲ ಹೋಗುತ್ತದೆ. 1933ರ ನಂತರ ಹಿರಿಯೂರಿನ ಹತ್ತಿರದ ಮಾರಿಕಣಿವೆ ಅಣೆಕಟ್ಟು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂದು ಹೆಂಡತಿ ಮಕ್ಕಳನ್ನು ನಿಲ್ಲಿಸಿ ತೆಗೆದ ಫೋಟೊಗಳನ್ನು ಡೆಸ್ಕ್‌ಟಾಪ್ ಮೇಲೆ ಇಟ್ಟುಕೊಂಡ ಮನೆಗಳು ಈ ಊರಲ್ಲಿ ಕಡಿಮೆಯೇನಿಲ್ಲ. ಪೆನ್‌ಡ್ರೈವ್‌ನಲ್ಲಿ ಫೋಲ್ಡರುಗಳ ಜಾಗದಲ್ಲಿ ಬರೀ ಶಾರ್ಟ್‌ಕಟ್ ಕಂಡರೂ ಗಾಬರಿ ಬೇಡ. ಸ್ಕ್ರಿಪ್ಟ್ ಸಾಮಾನ್ಯವಾಗಿ ಅವನ್ನು ಅಳಿಸದೆ ಮುಚ್ಚಿಟ್ಟಿರುತ್ತದೆ. ‘ಅಟ್ರಿಬ್’ ಎಂಬ ಆಜ್ಞೆ ಕೊಟ್ಟರೆ ಹೊರಗೆ ಬರುತ್ತವೆ.

‘ಬರಹ’, ‘ನುಡಿ’ ತಂತ್ರಾಂಶಗಳು ಬಂದು ಇಪ್ಪತ್ತು ವರ್ಷ ದಾಟಿತು. ಕನ್ನಡ ಟೈಪ್ ಮಾಡುವುದು ನಮಗೆ ಒಲಿಯಿತು, ಕೆಟ್ಟದ್ದನ್ನು ಸರಿಮಾಡುವ ತಿಳಿವಳಿಕೆ ಮಾತ್ರ ಇನ್ನೂ ಅಂಗಡಿಯ ಹುಡುಗರ ಬಾಯಲ್ಲೇ ಉಳಿದಿದೆ. ತಾಲ್ಲೂಕಿನ ಗ್ರಂಥಾಲಯದಲ್ಲಿ ಇಂಥ ಹತ್ತು ದೋಷಗಳ ಕೈಪಿಡಿಯೊಂದು ಇರಲೇಬೇಕು.

ಅಲ್ಲಿಯವರೆಗೆ, ಪೆಟ್ಟಿಗೆ ಬಂದಾಗ ಓಕೆ ಒತ್ತುವ ಮುಂಚೆ ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ಆ ಫೈಲಿನ ಹೆಸರಿದ್ದರೆ ಅಂಗಡಿಯವನಿಗೂ ಹುಡುಕುವುದು ಸುಲಭ. ಫಾರ್ಮ್ಯಾಟ್ ಆಗೇಹೋಗಿದ್ದು, ಉಳಿದ ನುಡಿ ಫೈಲು ತೆರೆದಾಗ ರೋಮನ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅಳಿಸಬೇಡಿ. ಫೈಲ್ ಕೆಟ್ಟಿಲ್ಲ, ಫಾಂಟ್ ಹೋಗಿದೆ ಅಷ್ಟೆ. ನುಡಿಯನ್ನು ಮತ್ತೆ ಹಾಕಿಸಿ.