ಜಾಲಪುಟದ ಒಳಮನೆ ಮತ್ತು ಕನ್ನಡದ ಪಾಠ

ಗಣಕಯಂತ್ರದ ವಿದ್ಯೆಯೆಂದರೆ ಇಂಗ್ಲಿಷಿನ ವಿದ್ಯೆಯೆಂಬ ಭ್ರಮೆ ಕನ್ನಡ ಮಾಧ್ಯಮದ ವಿದ್ಯಾರ್ಥಿಯನ್ನು ಮೊದಲ ದಿನವೇ ಕುಗ್ಗಿಸುತ್ತದೆ. ಜಾಲಪುಟದೊಳಗಣ ಒಂದು ಭಾಗವನ್ನು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಆಯ್ದುಕೊಳ್ಳುವ ಪಾಠ ಬಂದಾಗಲಂತೂ ಆತನು ಆಜ್ಞೆಗಳನ್ನು ಉರು ಹೊಡೆದು ಅಂಕ ಪಡೆದು ಮರೆತುಬಿಡುತ್ತಾನೆ. ಆದರೆ ಆ ಪಾಠದ ತಿರುಳು ಇಂಗ್ಲಿಷಿನದಲ್ಲ, ವಿಭಕ್ತಿಯದು. ‘ಇದರ’ ಮತ್ತು ‘ಇದರೊಳಗೆ’ ಎಂಬ ಷಷ್ಠೀ ಸಪ್ತಮಿಗಳನ್ನು ಬಲ್ಲವನಿಗೆ ಅದರ ಅರ್ಧಭಾಗ ಕರಗತವಾದಂತೆಯೇ. ಸೆರಗಿನ ಕೆಂಪು ಬೇರೆ, ದಡಿಯ ಕೆಂಪು ಬೇರೆ ಎಂಬುದನ್ನು ರಬಕವಿ-ಬನಹಟ್ಟಿಯ ನೇಕಾರರ ಮನೆಯ ಹುಡುಗನಿಗೆ ಯಾರೂ ಕಲಿಸಬೇಕಾಗಿಲ್ಲ.

ಜಾಲಪುಟವೆಂಬುದು ಪೆಟ್ಟಿಗೆಯೊಳಗೆ ಪೆಟ್ಟಿಗೆಯನ್ನಿಟ್ಟಂತಹ ರಚನೆ. ಬಾಗಲಕೋಟೆ ಜಿಲ್ಲೆಯ ಪುಟವೊಂದನ್ನು ಊಹಿಸಬಹುದು. ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಊರು. ಒಂದೊಂದಕ್ಕೂ ಒಂದು ಹೆಸರು. ಇಲ್ಲಿ ‘ಮುಧೋಳ’ ಎಂಬ ಮಾತು ಎರಡು ಸಲ ಬರುತ್ತದೆ: ತಾಲ್ಲೂಕಿಗೂ ಅದೇ ಹೆಸರು, ಅದರೊಳಗಿನ ಪಟ್ಟಣಕ್ಕೂ ಅದೇ. ಅಕ್ಷರಗಳನ್ನಷ್ಟೇ ನೋಡುವ ಯಂತ್ರಕ್ಕೆ ಎರಡೂ ಒಂದೇ. ಸಂಬಂಧವನ್ನು ಹೇಳಿದರೆ ಮಾತ್ರ ಭೇದ ತಿಳಿಯುತ್ತದೆ. ‘.ತಾಲ್ಲೂಕು .ಹೆಸರು’ ಎಂದು ನಡುವೆ ಬರಿಯ ತೆರಪು ಬಿಟ್ಟರೆ ತಾಲ್ಲೂಕಿನ ಹೆಸರಿನೊಡನೆ ಅದರೊಳಗಿನ ಊರುಗಳ ಹೆಸರುಗಳೂ ಬರುತ್ತವೆ. ಮಕ್ಕಳು ಮೊಮ್ಮಕ್ಕಳೆಲ್ಲ ಬಂದಂತೆ. ‘.ತಾಲ್ಲೂಕು > .ಹೆಸರು’ ಎಂದರೆ ನೇರ ಮಕ್ಕಳು ಮಾತ್ರ.

ಮೇಲಿನ ಸೂತ್ರಗಳು ಕನ್ನಡದಲ್ಲಿರುವುದು ವಿವರಣೆಯ ಅನುಕೂಲಕ್ಕಾಗಿ ಅಲ್ಲ. ಪುಟವನ್ನು ಕಟ್ಟುವವನು ಘಟಕಗಳಿಗೆ ಇಡುವ ಕ್ಲಾಸ್ ಎಂಬ ಗುರುತಿನ ಹೆಸರು ಕನ್ನಡ ಲಿಪಿಯಲ್ಲಿಯೂ ಇರಬಹುದು. ಬ್ರೌಸರುಗಳು ಅದನ್ನು ಯಥಾವತ್ತಾಗಿ ಒಪ್ಪುತ್ತವೆ. ಕನ್ನಡ ಲಿಪಿಯು 1991ರ ಮೊದಲ ಯುನಿಕೋಡ್ ಆವೃತ್ತಿಯಲ್ಲಿಯೇ ಸ್ಥಾನ ಪಡೆದಿತ್ತು. ಜಾವಾಸ್ಕ್ರಿಪ್ಟ್ ಹುಟ್ಟಿದ್ದು 1995ರಲ್ಲಿ. ‘ಕ್ವೆರಿ ಸೆಲೆಕ್ಟರ್ ಆಲ್’ ಎಂಬಂತಹ ಆಜ್ಞೆಗಳು ಇಂಗ್ಲಿಷಿನಲ್ಲಿಯೇ ಇರತಕ್ಕವು, ಇರಲಿ. ಅಂಥವು ಬೆರಳೆಣಿಕೆಯಷ್ಟು. ಹೆಸರಿಡುವ ಅಧಿಕಾರ ಕಟ್ಟುವವನದು. ನಾಳೆ ಬೆಂಗಳೂರಿನ ಕಚೇರಿಯಲ್ಲಿ ಇಂಗ್ಲಿಷ್ ಹೆಸರುಗಳೇ ಬೇಕಾಗುತ್ತವೆಂದು ಆಕ್ಷೇಪಿಸುವವರುಂಟು. ಸಂಬಂಧವನ್ನು ಅರಿತವನು ಹೆಸರನ್ನು ಒಂದು ದಿನದಲ್ಲಿ ಬದಲಿಸಿಕೊಂಡಾನು. ಹೆಸರನ್ನಷ್ಟೇ ಉರು ಹೊಡೆದವನಿಗೆ ಸಂಬಂಧ ಎಂದು ಹೊಳೆಯಬೇಕು?

ಸಂಬಂಧ ಹಿಡಿಯದೆ ಎಣಿಕೆಯನ್ನು ನಂಬಿದರೆ ಏನಾಗುತ್ತದೆಂಬುದಕ್ಕೆ ಈ ಜಿಲ್ಲೆಯೇ ನಿದರ್ಶನ. 1997ರಲ್ಲಿ ಜಿಲ್ಲೆ ರಚನೆಯಾದಾಗ ಇದ್ದುವು ಆರು ತಾಲ್ಲೂಕುಗಳು. ಅಕಾರಾದಿಯಾಗಿ ಜಮಖಂಡಿ, ಬಾಗಲಕೋಟೆ, ಬಾದಾಮಿ, ಬೀಳಗಿ, ಮುಧೋಳ, ಹುನಗುಂದ. ‘ಐದನೆಯದನ್ನು ತಾ’ ಎಂದರೆ ಮುಧೋಳ ಬರುತ್ತಿತ್ತು. (ಜಾವಾಸ್ಕ್ರಿಪ್ಟ್ ಸೊನ್ನೆಯಿಂದ ಎಣಿಸುತ್ತದೆಂಬ ತೊಡಕು ಬೇರೆ.) 2018ರ ವೇಳೆಗೆ ಇಳಕಲ್ಲ, ಗುಳೇದಗುಡ್ಡ, ರಬಕವಿ-ಬನಹಟ್ಟಿ ಸೇರಿದವು. ಅವನ್ನು ಪಟ್ಟಿಗೆ ಸೇರಿಸಿದೊಡನೆ ಅದೇ ಆಜ್ಞೆ ಬಾದಾಮಿಯನ್ನು ತಂದೊಪ್ಪಿಸುತ್ತದೆ! ಯಂತ್ರ ತಪ್ಪಿತೆಂದು ಯಾರೂ ಹೇಳಲಾರರು. ಅದು ಐದನೆಯದನ್ನೇ ತಂದಿದೆ.

ಒಳಗಿನಿಂದ ಹೊರಕ್ಕೆ ಕೇಳುವ ಕ್ರಮವೂ ಉಂಟು. ಅದರ ಹೆಸರು ‘ಕ್ಲೋಸೆಸ್ಟ್’. ಬನಹಟ್ಟಿಯೆಂಬ ಊರಿನ ಘಟಕವನ್ನು ಹಿಡಿದು, ನಿನ್ನನ್ನು ಒಳಗೊಂಡ ಅತಿ ಸಮೀಪದ ತಾಲ್ಲೂಕು ಯಾವುದೆಂದು ಕೇಳಿದರೆ, ಹಳೆಯ ಪುಟದಲ್ಲಿ ಜಮಖಂಡಿಯೆಂಬ ಉತ್ತರ ದೊರೆಯುತ್ತದೆ. ಊರನ್ನು ಹೊಸ ತಾಲ್ಲೂಕಿನ ಪೆಟ್ಟಿಗೆಗೆ ಸರಿಸಿದ ಮೇಲೆ ರಬಕವಿ-ಬನಹಟ್ಟಿಯೆಂಬ ಉತ್ತರ. ಪ್ರಶ್ನೆಯ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ. ಎಂಟನೆಯ ತರಗತಿಯ ಮಕ್ಕಳಿಂದ ಅವರವರ ಊರುಗಳ ಪುಟವನ್ನೇ ಕಟ್ಟಿಸಿ, ಈ ಎರಡು ದಾರಿಗಳನ್ನೂ ಕನ್ನಡದ ಅಧ್ಯಾಪಕರೂ ಗಣಕದ ಅಧ್ಯಾಪಕರೂ ಒಂದೇ ತಾಸಿನಲ್ಲಿ ಜೊತೆಗೂಡಿ ಕಲಿಸುವುದು ಅಸಾಧ್ಯವೇನೂ ಅಲ್ಲ. ವೇಳಾಪಟ್ಟಿ ಬರೆಯುವವರು ಮನಸ್ಸು ಮಾಡಬೇಕಷ್ಟೆ.

ಒಂದು ಎಚ್ಚರಿಕೆ ಅವಶ್ಯ. ತಾಲ್ಲೂಕಿಗೂ ಊರಿಗೂ ನಡುವೆ ‘ಹೋಬಳಿ’ಯನ್ನು ಸೇರಿಸಿದಾಗ, ಅದರ ‘ಹೋ’ ಅಕ್ಷರದ ಓಕಾರವನ್ನು ಒಂದೇ ಸಂಕೇತವಾಗಿಯೂ ಬಿಡಿ ಚಿಹ್ನೆಗಳ ಜೋಡಣೆಯಾಗಿಯೂ ಗಣಕದಲ್ಲಿ ದಾಖಲಿಸಬಹುದು. ಕಣ್ಣಿಗೆ ಎರಡೂ ಸಮಾನ, ಬ್ರೌಸರಿಗೆ ಭಿನ್ನ. ಆಯ್ಕೆ ಬರಿಗೈಯಲ್ಲಿ ಮರಳುತ್ತದೆ. ಆದುದರಿಂದ ಒಂದು ಪುಟದ ಹೆಸರುಗಳನ್ನೆಲ್ಲ ಒಂದೇ ಕೀಲಿಮಣೆಯ ವಿನ್ಯಾಸದಲ್ಲಿ ಬೆರಳಚ್ಚಿಸುವ ಶಿಸ್ತನ್ನು ಮೊದಲ ವಾರದಲ್ಲಿಯೇ ಹಾಕಿಕೊಡತಕ್ಕದ್ದು.